ಎರಡು ಸಲ ತಟ್ಟಿದರೆ

"ರೈಟ್ ಅನ್ನಿ," ಎಂದಳು ಕಂಡಕ್ಟರಮ್ಮ. ಸೈಕಲ್ಲಿನ ಮುಂದಿನ ಸೀಟಿನಲ್ಲಿ ಕೂತು ಒಂದು ಕಾಲು ನೆಲಕ್ಕೂರಿದ್ದಳು.

ಹಿಂದಿನ ಸೀಟಿನಿಂದ ಗಂಟಲು ಕೆರೆದ ಸದ್ದಷ್ಟೇ ಬಂತು. ಅಲ್ಲಿ ಕೂತಿದ್ದ ಗಂಡ ಇಪ್ಪತ್ತಾರು ವರ್ಷ ಬಸ್ಸು ಓಡಿಸಿದವನು, ಹಿಂದೆ ಕೂತು ಅಭ್ಯಾಸವೇ ಇಲ್ಲ. ಅದೇ ಬಸ್ಸಿಗೆ ಇವಳು ಕಂಡಕ್ಟರು. ಮೊದಲು ಜೋಡಿ ಡ್ಯೂಟಿ, ಆಮೇಲೆ ಮದುವೆ. ಇವಳು ಬಾಗಿಲ ತಗಡನ್ನು ಎರಡು ಸಲ ತಟ್ಟದೆ ಅವನು ಬಸ್ಸನ್ನು ಗೇಣು ದೂರ ಕದಲಿಸಿದವನಲ್ಲ. ಮನೆಯಲ್ಲಿ ಮಾತ್ರ ಯಾರ ಮಾತಿಗೂ ಕಾಯದ ಆಸಾಮಿ! ಎರಡು ವರ್ಷದಿಂದ ಕಣ್ಣು ಮಂಜಾಗುತ್ತಾ ಬಂದು, ಈಗ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣದು.

"ರೈಟ್ ಅನ್ನೋದು ಕಂಡಕ್ಟರ್ ಕೆಲಸ," ಎಂದ ಕೊನೆಗೆ. "ಹೊರಡೋದಾದ್ರೆ ಹೊರಡು."

ಹೊರಟಳು. ಅವನ ಗುಣ ಅವಳಿಗೆ ಹೊಸದೇ?

ಇಬ್ಬರು ತುಳಿಯುವ ಆ ಉದ್ದನೆಯ ಸೈಕಲ್ಲನ್ನು ಅವಳೇ ಹಟ ಹಿಡಿದು ತಂದಿದ್ದಳು. ಮೂಲೆಯ ಕುರ್ಚಿಯಲ್ಲಿ ಗೋಡೆಗೆ ಮುಖ ಮಾಡಿ ದಿನ ನೂಕುತ್ತಿದ್ದ ಗಂಡನನ್ನು ಕಂಡರೆ ಕರುಳು ಚುರುಕ್ಕೆನ್ನುತ್ತಿತ್ತು. ಬೆಟ್ಟ ದಾಟಿ, ಕಡಲ ದಂಡೆಯಲ್ಲಿರುವ ಮಗಳ ಮನೆ ಮುಟ್ಟಲು ಹನ್ನೊಂದು ದಿನದ ದಾರಿ. ಅವನದು ಒಂದೇ ಷರತ್ತು. ಮೊದಲ ದಿನ ನೋಡುವುದು. ಮೂಟೆಯ ಹಾಗೆ ಕೂರುವುದು ಸರಿಬರದಿದ್ದರೆ ಬೆಟ್ಟದ ಮೇಲಿನ ನಿಲ್ದಾಣದಿಂದ ಸಂಜೆ ಬಸ್ಸಿಗೆ ವಾಪಸ್ಸು. ಆಮೇಲೆ ಸೈಕಲ್ಲಿನ ಸುದ್ದಿ ಎತ್ತಕೂಡದು. ವಾಪಸ್ಸು ಹೋದರೆ ಅವನು ಆ ಕುರ್ಚಿಯಿಂದ ಮತ್ತೆ ಏಳುವುದಿಲ್ಲವೆಂದು ಅವಳಿಗೆ ಭಯ.

ಬೆಟ್ಟದ ರಸ್ತೆ ಶುರುವಾದದ್ದೇ ತಡ, ಅವನಿಗೆ ಜೀವ ಬಂತು. ತನ್ನದೇ ಹಳೆಯ ರೂಟು, ಇಪ್ಪತ್ತೆರಡು ತಿರುವೂ ಬಾಯಿಪಾಠ. ಎಡಕ್ಕೆ ಹಿಡಿ, ಗೇರ್ ಇಳಿಸು, ಹಾರನ್ ಹೊಡಿ ಎಂದು ಹಿಂದಿನಿಂದಲೇ ಬಸ್ಸು ಓಡಿಸತೊಡಗಿದ. ಎಲ್ಲಾದರೂ ಒಂದಿಷ್ಟು ಇಳಿಜಾರು ಬಂದರೆ ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಇಬ್ಬರ ಪೆಡಲನ್ನೂ ಒಂದೇ ಚೈನು ಜೋಡಿಸಿದ್ದರಿಂದ ಆ ಒತ್ತು ಸೀದಾ ಅವಳ ಪಾದಕ್ಕೆ ಬರುತ್ತಿತ್ತು. ಅವಳು ಹಲ್ಲುಕಚ್ಚಿ ತುಳಿದಳು.

ಹದಿನಾರನೆಯ ತಿರುವಿನಲ್ಲಿ, "ಬಲಕ್ಕೆ" ಎಂದ. ಬಲಕ್ಕೆ ರಸ್ತೆಯೇ ಇರಲಿಲ್ಲ. ಹಳೆಯದು ಕುಸಿದುಹೋಗಿ, ಬಂಡೆ ಒಡೆದು ಮಾಡಿದ ಹೊಸ ರಸ್ತೆ ಎಡಕ್ಕೆ ಹೊರಳಿತ್ತು. ಬಲಕ್ಕೆ ಒಂದು ಸಾಲು ಕಲ್ಲು, ಅದರಾಚೆ ಕಮರಿ. ಅವನು ಮೈಯನ್ನೂ ಬಲಕ್ಕೆ ವಾಲಿಸಿದ. ಸೈಕಲ್ಲು ತೊನೆಯಿತು.

"ಡ್ರೈವರೇ," ಎಂದಳು. ಡ್ಯೂಟಿಯಲ್ಲಿ ಮಾತ್ರ ಹಾಗೆ ಕರೆಯುತ್ತಿದ್ದದ್ದು. "ರಸ್ತೆ ಬದಲಾಗಿದೆ. ನಾನು ನೋಡ್ತಾ ಇದೀನಿ. ನೀವು ತುಳೀರಿ."

ಅವನು ನೆಟ್ಟಗೆ ಕೂತ. ಮಾತು ನಿಂತೇಹೋಯಿತು. ಆಡಿದ ಮಾತು ನಾಟಿತೇನೋ, ಎಲ್ಲ ಕೆಟ್ಟಿತೇನೋ ಎಂದುಕೊಂಡಳು. ಅಷ್ಟರಲ್ಲಿ ಕಾಲಡಿಯ ಪೆಡಲು ಹಗುರವಾಯಿತು. ಅವನು ತುಳಿಯುತ್ತಿದ್ದ, ಬೆಳಗಿನಿಂದ ಮೊದಲ ಸಲ, ನಿಜವಾಗಿ. ಉಳಿದ ಆರು ತಿರುವುಗಳಲ್ಲಿ ಇಬ್ಬರ ಏದುಸಿರು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಮೇಲೆ, ನಿಲ್ದಾಣದಲ್ಲಿ ಸಂಜೆಯ ಬಸ್ಸು ಹೊರಡಲು ನಿಂತಿತ್ತು. ಅದರ ಡ್ರೈವರ್ ಒಂದು ಕಾಲದಲ್ಲಿ ಇವನ ಕೈಕೆಳಗೆ ಪಳಗಿದವನು. ಗುರುಗಳೇ ಎಂದು ಓಡಿಬಂದವನು, ಈ ವಯಸ್ಸಿನಲ್ಲಿ ಇದೆಂಥ ಸಾಹಸ, ಸೈಕಲ್ಲನ್ನು ಮೇಲೆ ಹಾಕಿಸುತ್ತೇನೆ, ಹತ್ತಿ ಎಂದು ದುಂಬಾಲು ಬಿದ್ದ.

ಕಂಡಕ್ಟರಮ್ಮ ಹ್ಯಾಂಡಲ್ಲು ಬಿಡಲಿಲ್ಲ, ತಿರುಗಿಯೂ ನೋಡಲಿಲ್ಲ.

"ನನ್ನನ್ನೇನು ಕೇಳ್ತೀಯೋ?" ಎಂದ ಗಂಡ, ಇಡೀ ನಿಲ್ದಾಣಕ್ಕೆ ಕೇಳುವಂತೆ. "ಡ್ರೈವರು ಮುಂದೆ ಕೂತಿದಾಳೆ. ಇಪ್ಪತ್ತೆರಡು ತಿರುವು, ಒಂದು ಕಡೆನೂ ಕಾಲು ಊರಲಿಲ್ಲ. ನಿನ್ನ ಕೈಲಾಗುತ್ತಾ?"

ಇಷ್ಟು ವರ್ಷದಲ್ಲಿ ಅವನು ಇನ್ನೊಬ್ಬರ ಡ್ರೈವಿಂಗನ್ನು ಹೊಗಳಿದ್ದನ್ನು ಅವಳು ಕೇಳಿರಲಿಲ್ಲ.

ಬಸ್ಸು ಹೊರಟುಹೋಯಿತು. ಇಳಿದುಕೊಳ್ಳುವ ವಸತಿ ಇನ್ನೂ ಎರಡು ಮೈಲಿ ಮುಂದಿತ್ತು. ಅವಳು ಒಂದು ಪಾದ ಪೆಡಲಿನ ಮೇಲಿಟ್ಟಳು, ಇನ್ನೊಂದು ನೆಲದ ಮೇಲೆ. ಈ ಸಲ ಏನೂ ಕೇಳಲಿಲ್ಲ, ಸುಮ್ಮನೆ ಕಾದಳು.

ಹಿಂದಿನ ಕ್ಯಾರಿಯರ್‌ಗೆ ಅವಳ ಹಳೆಯ ಟಿಕೆಟ್ ಪೆಟ್ಟಿಗೆ ಬಿಗಿದಿತ್ತು. ಅವನ ಕೈ ತಡಕಾಡಿ ಅದರ ತಗಡನ್ನು ಹುಡುಕಿತು.

ಟಕ್, ಟಕ್.

ಅವಳು ನೆಲದ ಮೇಲಿದ್ದ ಕಾಲನ್ನು ಎತ್ತಿದಳು.