ಧ್ವಜದ ಮೂಲೆಗೆ ಅರಿಶಿನ

ನನ್ನ ಮುಖ ಆ ಕಾಲದ್ದಲ್ಲವಂತೆ. ಡೋರಿಸ್ ಇದನ್ನು ಹೇಳಿದ್ದು ಎಲ್ಲಿ ಅಂತೀರಿ? ಫ್ರೀಮಾಂಟಿನ ನಮ್ಮ ಮನೆಯ ಗರಾಜಿನಲ್ಲಿ, ನಾನು ಮಾಡಿಕೊಟ್ಟ ಚಹಾ ಕುಡಿಯುತ್ತ, ನಾನು ಕೈಯಲ್ಲಿ ಹೊಲಿದ ಧ್ವಜವನ್ನು ತನ್ನ ತೊಡೆಯ ಮೇಲೆ ಹರವಿಕೊಂಡು.

"ತಪ್ಪು ತಿಳಿಯಬೇಡ, ಹನೀ" ಅಂದಳು. ನನ್ನ ಹೆಸರು ಅವಳ ಬಾಯಲ್ಲಿ ಹೊರಳುವುದಿಲ್ಲವಂತೆ, ಅದಕ್ಕೇ ಈ ಹನೀ. "ನಾವು ತೋರಿಸುತ್ತಿರುವುದು ಸಾವಿರದ ಎಂಟುನೂರ ಅರವತ್ತೆರಡರ ಊರು. ಆ ಊರಿನ ವೇದಿಕೆಯ ಮೇಲೆ ನಿನ್ನಂಥವಳು ಇರುತ್ತಿರಲಿಲ್ಲ. ನಮ್ಮದು ನಾಟಕವಲ್ಲ, ಇತಿಹಾಸ."

ಇತಿಹಾಸವಂತೆ, ಇವಳ ತಲೆ. ಸ್ಟೇಷನ್ ವ್ಯಾಗನ್ನಿನಲ್ಲಿ ಬಂದಿಳಿದು, ಕೋಕಿನ ಡಬ್ಬಗಳನ್ನು ಕಂಬಳಿಯಡಿ ಮುಚ್ಚಿಟ್ಟು, ಗುಂಡಿಲ್ಲದ ಬಂದೂಕು ಢಂ ಅನ್ನಿಸಿ, ಸತ್ತವರು ಊಟದ ಹೊತ್ತಿಗೆ ಎದ್ದು ಬರುವ ಇತಿಹಾಸ. ಅಮೆರಿಕದವರು ತಮ್ಮತಮ್ಮಲ್ಲೇ ಬಡಿದಾಡಿಕೊಂಡ ಆ ಹಳೆಯ ಯುದ್ಧವನ್ನು ಶನಿವಾರ ಭಾನುವಾರಗಳಲ್ಲಿ ಮತ್ತೆ ಆಡಿ ತೋರಿಸುವ ಒಂದು ಪಡೆ ಇವರದು. ಪಡೆಯ ಕ್ಯಾಪ್ಟನ್ ಈ ಡೋರಿಸಳ ಗಂಡ. ವಾರದ ಉಳಿದ ದಿನ ಅವನು ಸ್ಯಾನ್ ಮಟಿಯೋದ ಆಫೀಸೊಂದರಲ್ಲಿ ಮ್ಯಾನೇಜರು, ನನ್ನ ಗಂಡನ ಬಾಸು.

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ, ಬರೆಯುವುದಕ್ಕೆ ಅಡ್ಡಿಯಿಲ್ಲ: ಆನಂದತೀರ್ಥ. ಅವರೂ ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ಏ ಅಂದರೆ ನಾನು, ಇಕಿ ಅಂದರೂ ನಾನೇ. ಬಾಸು ಕರೆದನೆಂದು ಇವರು ಆ ಪಡೆಗೆ ಸೇರಿದರು. ಧಾರವಾಡದ ಇಂಜಿನಿಯರು ಅಮೆರಿಕದ ಸಿಪಾಯಿಯಾದರು. ಇವರ ಮುಖ ಯಾವ ಕಾಲದ್ದು ಅಂತ ಮಾತ್ರ ಯಾರೂ ಕೇಳಲಿಲ್ಲ. ಆ ಸೈನ್ಯದಲ್ಲಿ ಎಲ್ಲ ದೇಶದವರೂ ಇದ್ದರು, ಟೋಪಿ ಸ್ವಲ್ಪ ಕೆಳಗೆ ಎಳೆದುಕೊಂಡರಾಯಿತು ಎಂದು ಕ್ಯಾಪ್ಟನ್ನೇ ಅಪ್ಪಣೆ ಕೊಟ್ಟಿದ್ದ.

ಆ ಪಡೆಯಲ್ಲಿ ಮಿಶನ್ನಿನ ಹೊಲಿಗೆ ಕಂಡರೆ ಆಗದು. ಎಲ್ಲ ಕೈಹೊಲಿಗೆಯೇ ಆಗಬೇಕು, ಮೈಗೆ ತಾಗುವ ಒಳಅಂಗಿಯವರೆಗೆ ಆ ಕಾಲದ್ದೇ ಇರಬೇಕು. ಕ್ಯಾಂಪ್‌ಬೆಲ್ಲಿನ ಒಬ್ಬ ಹಲ್ಲಿನ ಡಾಕ್ಟರನ ಕಾಲುಚೀಲದಲ್ಲಿ ಇಲಾಸ್ಟಿಕ್ ಇತ್ತು ಅಂತ ಕ್ಯಾಪ್ಟನ್ ಅವನನ್ನು ಎಲ್ಲರೆದುರು ಸಾಲಿನಿಂದ ಆಚೆ ಹಾಕಿದ್ದ. ಬಟ್ಟೆಯ ಉಸ್ತುವಾರಿ ಡೋರಿಸಳದು. ಅವಳಿಗೆ ಕತ್ತರಿಸುವುದು ಬರುತ್ತಿತ್ತು, ಕೂತು ಹೊಲಿಯುವ ತಾಳ್ಮೆ ಇರಲಿಲ್ಲ. ನಾನು ಅವ್ವನ ಮಗ್ಗುಲಲ್ಲಿ ಕೂತು ಹಳೆ ಸೀರೆಗಳ ಕೌದಿ ಹೊಲಿದು ಬೆಳೆದವಳು. ಮೊದಲು ಗುಂಡಿಯ ಕಾಜಾ ಮಾಡಿಕೊಡು ಅಂದಳು, ಆಮೇಲೆ ತೋಳು ಕೂಡಿಸು ಅಂದಳು, ವರ್ಷ ತಿರುಗುವುದರೊಳಗೆ ಇಡೀ ಪಡೆಯ ನೀಲಿ ಕೋಟುಗಳು ನನ್ನ ಗರಾಜಿನಿಂದಲೇ ಹೋಗುತ್ತಿದ್ದವು. ಅವಳ ಮೂರು ಅಂತಸ್ತಿನ ಘಾಗರಾದಂಥ ಗೌನನ್ನೂ ನಾನೇ ಹೊಲಿದೆ.

ಧ್ವಜದ ಮಾತು ತೆಗೆದವಳು ಅವಳೇ. ಆ ಕಾಲದಲ್ಲಿ ಊರ ಹೆಂಗಸರು ಧ್ವಜ ಹೊಲಿಯುತ್ತಿದ್ದರಂತೆ. ಹೊಲಿದವಳೇ ವೇದಿಕೆ ಹತ್ತಿ ಪಡೆಗೆ ಒಪ್ಪಿಸಬೇಕಂತೆ. "ಇದು ಯಾರ ಕೈಯ ಕೆಲಸ?" ಎಂದು ಕ್ಯಾಪ್ಟನ್ ಕೇಳಬೇಕು, ಅವಳು "ನನ್ನದು" ಅನ್ನಬೇಕು, ಆಗ ಎಲ್ಲ ಸಿಪಾಯಿಗಳೂ ಅವಳಿಗೆ ಸಲ್ಯೂಟ್ ಹೊಡೆಯಬೇಕು. "ಈ ಜುಲೈ ನಾಲ್ಕಕ್ಕೆ ನೀನೇ ಅಲ್ಲಿ ನಿಂತಿರುತ್ತೀ, ಹನೀ" ಅಂದಿದ್ದಳು ಚಳಿಗಾಲದಲ್ಲಿ. ಆ ಒಂದು ಮಾತಿಗಾಗಿ ಆಗಿನ ಮೂವತ್ನಾಲ್ಕು ರಾಜ್ಯಗಳಿಗೆ ಮೂವತ್ನಾಲ್ಕು ನಕ್ಷತ್ರ ಕತ್ತರಿಸಿ ಹಚ್ಚಿದೆ. ದಾರಕ್ಕೆ ಜೇನುಮೇಣ ಸವರಿ ಸವರಿ ಬೆರಳು ಬಿರುಕುಬಿಟ್ಟವು. ಈ ದೇಶಕ್ಕೆ ಬಂದಾಗಿನಿಂದ ಯಾರೂ ನನ್ನನ್ನು ಇದು ಯಾರು ಮಾಡಿದ್ದು ಅಂತ ಕೇಳಿರಲಿಲ್ಲ. ಒಮ್ಮೆ ಕೇಳಬೇಕು, ನಾನು ನನ್ನದು ಅನ್ನಬೇಕು. ನನಗೆ ಬೇಕಾದದ್ದು ಅಷ್ಟೇ.

ಈಗ ಹೊಲಿಗೆ ಮುಗಿದ ಮೇಲೆ ಮುಖದ ಮಾತು ಬಂತು.

ಡೋರಿಸ್ ಧ್ವಜ ಮಡಚುತ್ತಿದ್ದವಳು ತಟ್ಟನೆ ನಿಂತಳು. ಕಂಬದ ಕಡೆಯ ಬಿಳಿ ಪಟ್ಟಿಯ ಮೂಲೆಯಲ್ಲಿ ಹಳದಿ ಬೊಟ್ಟು ಇತ್ತು. "ಇದೇನು ಕಲೆ?" ಅಂದಳು.

ಹೊಸ ಬಟ್ಟೆಗೆ ಮೂಲೆಯಲ್ಲಿ ಅರಿಶಿನ ಹಚ್ಚದೆ ನಾವು ಮೈಗೆ ತಾಗಿಸುವುದಿಲ್ಲ. ನನ್ನ ಕೈಯಿಂದ ಹೋದ ಪ್ರತಿ ಕೋಟಿನ ಕಾಲರಿನ ಒಳಗೂ ಒಂದು ಬೊಟ್ಟು ಇಟ್ಟೇ ಕಳಿಸಿದ್ದೆ, ಹಾಕಿಕೊಂಡವರಿಗೆ ಒಳ್ಳೆಯದಾಗಲಿ ಅಂತ. ಅದನ್ನೇ ಅವಳಿಗೆ ಹೇಳಿದೆ. ಅವಳು ಮೂಗು ಮುರಿದಳು. "ಇದೂ ಆ ಕಾಲದ್ದಲ್ಲ. ನನ್ನ ಸೋಪಿನಲ್ಲಿ ತೊಳೆದರೆ ಹೋಗುತ್ತದೆ ತಾನೆ?" ಬೂದಿ ನೀರಿಗೆ ಕೊಬ್ಬು ಹಾಕಿ ಕುದಿಸಿ ಅವಳೇ ಸೋಪು ಮಾಡುತ್ತಾಳೆ, ಆ ಕಾಲದ ಸೋಪಂತೆ.

ಅರಿಶಿನಕ್ಕೆ ಸೋಪು ತಾಗಿದರೆ ಏನಾಗುತ್ತದೆ ಎಂದು ನಮ್ಮಲ್ಲಿ ಬಟ್ಟೆ ಒಗೆದ ಯಾರಿಗಾದರೂ ಗೊತ್ತು. ನನಗೂ ಗೊತ್ತಿತ್ತು.

"ತೊಳೆದು ನೋಡು" ಅಂದೆ.

ಸಂಜೆ ಇವರು ಬಂದು ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. "ಹೊಲಿದಾಕಿ ನಾನು, ಮಂದಿ ಮುಂದ ಕೊಡಾಕಿ ಅಕೀ ಏನು?"

"ಅಲ್ಲ, ಅಕಿ ಹೇಳೂದ್ರಾಗೂ ಲಾಜಿಕ್ ಅದ" ಅಂದರು ಸಾರು ಕಲಸುತ್ತ. "ಹಿಸ್ಟರಿ ಹಂಗ ಇತ್ತು."

"ನೀವು ಆ ಹಿಸ್ಟರಿಯೊಳಗ ಎಲ್ಲಿಂದ ಬಂದ್ರಿ? ಧಾರವಾಡದ ಮಾಳಮಡ್ಡಿಯಿಂದ ಬಂದೂಕ ಹೊತ್ಕೊಂಡು ಹೋಗಿದ್ರೇನು?"

"ನನಗ ಟೋಪಿ ಅದಲಾ."

ನನಗೆ ನಗುವೂ ಬಂತು, ಆ ಸಾರಿನ ಪಾತ್ರೆಯನ್ನು ಅವರ ಟೋಪಿಯ ಮೇಲೆ ಬೋರಲು ಹಾಕಬೇಕೆಂದೂ ಅನ್ನಿಸಿತು. "ಒಂದ್ ಮಾತ್ ಹೇಳ್ರಿ" ಅಂದೆ. "ನಾಲ್ಕ್ ಮಂದಿ ಮುಂದ ಇದನ್ನ ಯಾರು ಹೊಲಿದ್ರು ಅಂತ ನಿಮ್ಮನ್ನ ಕೇಳಿದ್ರ ಏನಂತೀರಿ?"

"ಯಾರೂ ಕೇಳೂದಿಲ್ಲ ಬಿಡು. ಸುಮ್ನ ಆಫೀಸಿನ್ಯಾಗ ನನಗ ತೊಂದ್ರಿ ತರಬ್ಯಾಡ" ಅಂದು ಮಜ್ಜಿಗೆ ಬಡಿಸಿಕೊಂಡರು.

ಅಮೆರಿಕದ ಸ್ವಾತಂತ್ರ್ಯ ದಿನವಾದ ಜುಲೈ ನಾಲ್ಕರ ಬೆಳಗ್ಗೆ ನೋಡಿದರೆ ಇವರಿಗೆಂದು ನಾನು ಹೊಲಿದಿದ್ದ ಉಣ್ಣೆಯ ಒಳಅಂಗಿ ಕುರ್ಚಿಯ ಮೇಲೆ ಬಿದ್ದಿತ್ತು. ಚುಚ್ಚುತ್ತದಂತೆ. ಬನೀನಿನ ಮೇಲೆಯೇ ಕೋಟು ಏರಿಸಿ, "ಕುತಗಿತನಕ ಗುಂಡಿ ಹಾಕ್ಕೊಂಡ್ರ ಯಾರಿಗೆ ಕಾಣಸ್ತದ?" ಅಂದರು. ವೇದಿಕೆಗೆಂದು ನಾನು ನನಗೂ ಒಂದು ಗೌನು ಹೊಲಿದುಕೊಂಡಿದ್ದೆ. ಅದನ್ನು ಪೆಟ್ಟಿಗೆಯಲ್ಲೇ ಬಿಟ್ಟು ಇಳಕಲ್ ಸೀರೆ ಉಟ್ಟು, ಹಣೆಗೆ ಕಾಸಿನಗಲ ಕುಂಕುಮ ಇಟ್ಟು ಹೊರಟೆ. ಆ ಕಾಲದ್ದಲ್ಲ ಅಂದಮೇಲೆ ಪೂರ್ತಿಯಾಗಿಯೇ ಅಲ್ಲ ಅನ್ನಿಸಿಕೊಳ್ಳೋಣ ಅಂತ.

ಸ್ಯಾನ್ ಮಟಿಯೋದ ಮೇಲಿನ ಗುಡ್ಡದ ಪಾರ್ಕಿನಲ್ಲಿ ಮಂಜು ಇನ್ನೂ ಕರಗಿರಲಿಲ್ಲ, ಗಾಳಿ ಎಲುಬಿಗೆ ತಾಗುತ್ತಿತ್ತು. ಪ್ರೇಕ್ಷಕರನ್ನು ಹಗ್ಗದ ಆಚೆ ನಿಲ್ಲಿಸಿದ್ದರು. ನನ್ನನ್ನೂ ಅಲ್ಲಿಯೇ ನಿಲ್ಲಿಸಿದರು. ಎದುರಿಗೆ ನನ್ನ ಕೋಟುಗಳು ಸಾಲಾಗಿ ನಿಂತಿದ್ದವು, ಒಳಗೆ ಯಾರ‍್ಯಾರೋ ಇದ್ದರು. ಎರಡನೆಯ ಸಾಲಿನ ತುದಿಯಲ್ಲಿ ಇವರಿದ್ದರು, ಟೋಪಿ ಹುಬ್ಬಿನವರೆಗೆ.

ಡೋರಿಸ್ ವೇದಿಕೆ ಹತ್ತಿ ಧ್ವಜ ಬಿಚ್ಚಿದಳು. ಬಿಳಿ ಪಟ್ಟಿಯ ಮೂಲೆಯಲ್ಲಿ ಅಂಗೈಯಗಲ ಕೆಂಪು ಕಲೆ ಇತ್ತು. ಬೊಟ್ಟಿದ್ದದ್ದನ್ನು ತಿಕ್ಕಿ ತಿಕ್ಕಿ ಅಷ್ಟು ಹರಡಿದ್ದಳು. ಜನ ಗುಸುಗುಸು ಅಂದರು. ನಾನು ಖುಷಿಯಾಗಿ ನೋಡುತ್ತ ನಿಂತೆ, ಈಗ ಏನು ಹೇಳುತ್ತಾಳೋ ಹೇಳಲಿ ಅಂತ.

ಅವಳು ಹೇಳಿದಳು. ಆ ಮೂಲೆಯ ತುಂಡು ತನ್ನ ಮುತ್ತಜ್ಜ ಯುದ್ಧದಲ್ಲಿ ಹೊತ್ತ ಧ್ವಜದ್ದಂತೆ. ಆ ಕಲೆ ಅವನ ರಕ್ತವಂತೆ. ಮನೆಯಲ್ಲಿ ಕಾಪಾಡಿಕೊಂಡು ಬಂದ ಆ ತುಂಡನ್ನು ತಾನೇ ಈ ಹೊಸ ಧ್ವಜಕ್ಕೆ ಕೈಯಾರೆ ಸೇರಿಸಿ ಹೊಲಿದಳಂತೆ. ಹಗ್ಗದ ಈಚೆಯ ಗಂಡಸರು ಟೋಪಿ ತೆಗೆದರು. ನನ್ನ ಪಕ್ಕದ ಮುದುಕಿ ಕಣ್ಣೊರೆಸಿಕೊಂಡಳು.

"ಇದು ಯಾರ ಕೈಯ ಕೆಲಸ?" ಕ್ಯಾಪ್ಟನ್ ಕೇಳಿದ.

"ನನ್ನದು" ಅಂದಳು ಡೋರಿಸ್.

ನಾನು ಹಗ್ಗ ಎತ್ತಿ ದಾಟಿದೆ. ಸೀರೆಯ ನಿರಿಗೆ ಹಿಡಿದುಕೊಂಡು ನೇರ ವೇದಿಕೆಯ ಮುಂದೆ ಹೋಗಿ ನಿಂತು, ನನ್ನ ಇಂಗ್ಲಿಷಿನಲ್ಲಿ ಎಷ್ಟು ಜೋರಾಗಿ ಹೇಳಲು ಬರುತ್ತದೋ ಅಷ್ಟು ಜೋರಾಗಿ ಹೇಳಿದೆ. "ಅದು ರಕ್ತ ಅಲ್ಲ, ಅರಿಶಿನ. ಅಡುಗೆಗೆ ಹಾಕುವ ಅರಿಶಿನ. ಇವಳು ಸೋಪು ಹಚ್ಚಿದ್ದಕ್ಕೆ ಕೆಂಪಾಗಿದೆ. ಆ ಧ್ವಜದಲ್ಲಿ ಹಳೆಯ ತುಂಡು ಒಂದೂ ಇಲ್ಲ. ಪೂರಾ ನಾನು ಹೊಲಿದದ್ದು."

ಯಾರೋ ನಕ್ಕರು. ಡೋರಿಸ್ ಬೆಚ್ಚಲೂ ಇಲ್ಲ. "ಪಾಪ, ಈಕೆ ನನಗೆ ಗುಂಡಿ ಹೊಲಿಯಲು ನೆರವಾಗುತ್ತಾಳೆ. ಏನೋ ಗೊಂದಲವಾಗಿದೆ" ಎಂದು ಜನರತ್ತ ತಿರುಗಿ ಮುಗುಳ್ನಕ್ಕಳು.

ಕ್ಯಾಪ್ಟನ್ ನನ್ನನ್ನು ನೋಡಲಿಲ್ಲ. ಎರಡನೆಯ ಸಾಲಿನ ತುದಿಗೆ ತಿರುಗಿ, "ಸಿಪಾಯಿ, ಈಕೆ ನಿನ್ನ ಹೆಂಡತಿ. ಈ ಧ್ವಜ ಯಾರು ಹೊಲಿದದ್ದು?" ಅಂದ.

ಇವರು ನನ್ನ ಮುಖ ನೋಡಿದರು, ಬಾಸಿನ ಮುಖ ನೋಡಿದರು. ಟೋಪಿಯನ್ನು ಇನ್ನಷ್ಟು ಕೆಳಗೆ ಎಳೆದುಕೊಂಡರು.

"ನನಗೆ ಗೊತ್ತಿಲ್ಲ, ಸರ್."

ಡೋರಿಸ್ ಸುಳ್ಳು ಹೇಳಿದಾಗ ಸಿಟ್ಟು ಬಂದಿತ್ತು ಅಷ್ಟೇ, ಅವಳು ಹೊರಗಿನವಳು. ಇವರೋ, ಚಳಿಗಾಲವಿಡೀ ಆ ಧ್ವಜದ ಮಗ್ಗುಲಲ್ಲಿ ಕೂತು ಟಿವಿ ನೋಡಿದ ಮನುಷ್ಯ. ಇಸ್ತ್ರಿ ಮಾಡುವಾಗ ಇನ್ನೊಂದು ತುದಿ ಎತ್ತಿ ಹಿಡಿದವರು ಇವರೇ. ನಾನು ಸಾಲಿನ ಹತ್ತಿರ ಹೋದೆ.

"ಗೊತ್ತಿಲ್ಲೇನ್ರಿ? ಆತು" ಅಂದೆ. "ಹಂಗಾದ್ರ ಆ ಕೋಟ್ ಯಾರು ಹೊಲಿದಾರ ಅದೂ ಗೊತ್ತಿರ್ಲಿಕ್ಕಿಲ್ಲ. ಬಿಚ್ಚಿ ಕೊಡ್ರಿ."

"ಏ, ಮಂದಿ ನೋಡ್ಲಿಕ್ಕತ್ತಾರ" ಎಂದು ಪಿಸುಗುಟ್ಟಿದರು. "ಮನಿಗೆ ಹೋಗಿ ಮಾತಾಡೋಣು."

"ಮನ್ಯಾಗ ನಿಮಗ ಎಲ್ಲಾ ಗೊತ್ತಿರ್ತದ. ಕೋಟ್ ಕೊಡ್ರಿ."

"ಒಳಗ ಬನೀನ್ ಅದ."

"ನೋಡೇನಿ."

ಕ್ಯಾಪ್ಟನ್ ದಡದಡ ಬಂದ. ಅವನಿಗೆ ಇಂಗ್ಲಿಷಿನಲ್ಲಿ ಹೇಳಿದೆ, ಧ್ವಜಕ್ಕೆ ಹಚ್ಚಿದ ಅರಿಶಿನವನ್ನೇ ಈ ಕೋಟಿನ ಕಾಲರಿನ ಒಳಗೂ ಹಚ್ಚಿದ್ದೇನೆ, ತೆಗೆಸಿ ನೋಡು, ನಿನ್ನ ಕೋಟಿನಲ್ಲೂ ಇದೆ. ಅವನ ಕೈ ತಾನಾಗಿಯೇ ತನ್ನ ಕಾಲರಿಗೆ ಹೋಯಿತು, ಅರ್ಧಕ್ಕೇ ನಿಂತಿತು. ಸುತ್ತ ಜನ ಕಾಯುತ್ತಿದ್ದರು. "ಬಿಚ್ಚು" ಎಂದು ಇವರಿಗೆ ಹೇಳಿದ.

ಇವರು ಒಂದೊಂದೇ ಗುಂಡಿ ಬಿಚ್ಚಿದರು. ಗಟ್ಟಿ ಕಾಜಾ, ಬೇಗ ಬಿಚ್ಚಲು ಬರುವುದಿಲ್ಲ. ಕೋಟು ಹೆಗಲಿಂದ ಇಳಿದಾಗ ಊರಿಂದ ತಂದ ತೋಳಿಲ್ಲದ ಬನೀನು ಕಂಡಿತು, ಅದರ ಮೇಲೆ ಜೋತುಬಿದ್ದ ಜನಿವಾರ ಕಂಡಿತು. ನಾನು ಕೋಟು ಇಸಿದುಕೊಂಡು ಕಾಲರು ತಿರುಗಿಸಿ ಹಿಡಿದೆ. ಬಿಳಿ ಅಸ್ತರಿನ ಮೇಲೆ ಹಳದಿ ಬೊಟ್ಟು ಹಚ್ಚಿದಂತೆಯೇ ಇತ್ತು.

ಕ್ಯಾಪ್ಟನ್ ಆ ಬೊಟ್ಟು ನೋಡಿದ, ವೇದಿಕೆಯ ಮೇಲಿನ ಧ್ವಜ ನೋಡಿದ, ಹೆಂಡತಿಯನ್ನು ನೋಡಿದ. ಡೋರಿಸ್ ಕಲೆಯಿದ್ದ ಮೂಲೆಯನ್ನು ಮುಷ್ಟಿಯಲ್ಲಿ ಮುದುಡಿ ಹಿಡಿದುಕೊಂಡಿದ್ದಳು. ಅವನಿಗೆ ಎಲ್ಲ ತಿಳಿಯಿತು, ಅದು ಅವನ ಕಿವಿ ಕೆಂಪಾದದ್ದರಲ್ಲೇ ಗೊತ್ತಾಯಿತು. ಆದರೂ ನಮ್ಮಿಬ್ಬರನ್ನೂ ಬಿಟ್ಟು ಇವರತ್ತ ತಿರುಗಿದ.

"ಸಿಪಾಯಿ, ಈ ಒಳಅಂಗಿ ಆ ಕಾಲದ್ದಲ್ಲ. ಸಾಲಿನಿಂದ ಹೊರಗೆ."

ಇವರು ಬಂದೂಕು ಪಕ್ಕದವನ ಕೈಗೆ ಕೊಟ್ಟು, ಎದೆಗೆ ಕೈಕಟ್ಟಿಕೊಂಡು, ಅಷ್ಟು ಜನರ ನಡುವೆ ಬನೀನಿನಲ್ಲಿ ನಡೆದು ಹಗ್ಗದ ಈಚೆ ಬಂದರು, ನಾನೂ ಕೋಟು ಹಿಡಿದು ಬಂದೆ. ನನ್ನ ಹಿಂದೆ ಡ್ರಮ್ಮು ಶುರುವಾಯಿತು. ಸಲ್ಯೂಟ್ ಡೋರಿಸಳಿಗೇ ಹೋಯಿತು. ಅಷ್ಟು ನೋಡಿ ಪಾರ್ಕಿಂಗಿಗೆ ಬಂದೆ.

ಕಾರು ನಾನೇ ಓಡಿಸಿದೆ. ಕೋಟನ್ನು ಮಡಚಿ ನನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಸ್ಯಾನ್ ಮಟಿಯೋ ಬ್ರಿಡ್ಜು ಹತ್ತುತ್ತಲೇ ನಾಲ್ಕೂ ಕಿಟಕಿ ಇಳಿಸಿದೆ. ಬಟನ್ನು ನನ್ನ ಕಡೆ ಇತ್ತು. ಕೊಲ್ಲಿಯ ನೀರಿನ ಮೇಲಿನ ಗಾಳಿ ಒಳಗೆ ನುಗ್ಗಿತು.

"ಕೋಟ್ ಕೊಡು, ಥಂಡಿ ಆಗ್ಲಿಕ್ಕತ್ತದ" ಅಂದರು.

"ಯಾರು ಹೊಲಿದದ್ದು?"

"ನೀನ."

"ನೀ ಅಂದ್ರ ಯಾರು?"

"ಏ, ಹುಚ್ಚರಂಗ ಮಾಡಬ್ಯಾಡ. ಕಿಟಕಿ ಏರಿಸು."

ನಾನು ಓಡಿಸುತ್ತಲೇ ಹೋದೆ. ಆ ಬ್ರಿಡ್ಜು ಬಲು ಉದ್ದ, ನನಗೆ ಅವಸರವೂ ಇರಲಿಲ್ಲ. ಇವರು ಎರಡೂ ಕೈ ಕಂಕುಳಲ್ಲಿ ಸಿಗಿಸಿಕೊಂಡರು. ಹಲ್ಲು ಕಟಕಟ ಅನ್ನುವುದು ಗಾಳಿಯಲ್ಲೂ ಕೇಳುತ್ತಿತ್ತು. ನಡುನೀರು ದಾಟಿದ ಮೇಲೆ, ಕಿಟಕಿಯ ಆಚೆ ನೋಡುತ್ತ, ಮದುವೆಯಾದಾಗಿನಿಂದ ಎಂದೂ ಆಡದ ಮಾತನ್ನು ಆಡಿದರು.

"ಶೈಲಜಾ" ಅಂದರು. "ಶೈಲಜಾ ಹೊಲಿದದ್ದು."

"ಗಾಳಿಗೆ ಕೇಳಿಸ್ಲಿಲ್ಲ" ಅಂದೆ. "ಆ ಮಂದಿಗೆ ಕೇಳೂಹಂಗ ಹೇಳ್ರಿ."