ಸಸ್ಕಾಟೂನಿನವರು

"ಸಸ್ಕಾಟೂನ್," ಎಂದುಬಿಟ್ಟಳು ಇಸೊಬೆಲ್.

ಉತ್ತರ ಹೇಳಲು ಡಂಕನ್ ಬಾಯಿ ತೆರೆದಿದ್ದ, ಹಾಗೇ ಮುಚ್ಚಿಕೊಂಡ. ಕೆಂಪು ಪ್ರವಾಸಿ ಬಸ್ಸಿನ ಮೆಟ್ಟಿಲ ಬಳಿ ನಿಂತಿದ್ದ ಗೈಡ್ ಹುಡುಗಿ, ಹತ್ತುವವರನ್ನೆಲ್ಲ ಕೇಳುವಂತೆ ಇವರನ್ನೂ ಕೇಳಿದ್ದಳು, ಎಲ್ಲಿಂದ ಬಂದಿರಿ ಎಂದು. ಇಲ್ಲೇ, ನಾಲ್ಕು ಬೀದಿ ಆಚೆಯಿಂದ, ಎಂಬುದು ಸರಿಯಾದ ಉತ್ತರ. ಸರಿಯಾದ ಉತ್ತರಗಳನ್ನು ಕೊಡುತ್ತಲೇ ಡಂಕನ್‌ನ ತಲೆ ನರೆತಿತ್ತು. ವಿಶ್ವವಿದ್ಯಾಲಯದಲ್ಲಿ ಅವನು ಪಾಠ ಹೇಳುತ್ತಿದ್ದದ್ದು ಇದೇ ಊರಿನ ಚರಿತ್ರೆ.

"ಅಬ್ಬಾ, ಅಷ್ಟು ದೂರದಿಂದ!" ಎಂದಳು ಹುಡುಗಿ. "ಬನ್ನಿ ಬನ್ನಿ. ಬಲಗಡೆ ಕೂತ್ಕೊಳ್ಳಿ, ಸರೋವರ ಚೆನ್ನಾಗಿ ಕಾಣತ್ತೆ."

ಕೂತ ಮೇಲೆ ಅವನು ತಗ್ಗಿದ ದನಿಯಲ್ಲಿ ಕೇಳಿದ. "ಯಾಕೆ ಹಾಗಂದೆ?"

"ಏನಂದೆ?"

"ಸಸ್ಕಾಟೂನ್."

"ಇವತ್ತೊಂದು ದಿನ ಈ ಊರಿನವಳಾಗಿರೋಕೆ ಮನಸ್ಸಿಲ್ಲ." ಅವಳು ಕಿಟಕಿಯ ಕಡೆ ತಿರುಗಿದಳು. "ನಿಂಗೆ ಕಷ್ಟ ಅನ್ನಿಸಿದ್ರೆ ಇಳಿದುಬಿಡು."

ಅವನು ಇಳಿಯಲಿಲ್ಲ. ಬಸ್ಸು ಹೊರಟಿತು.

ನಾಳೆ ಬೆಳಿಗ್ಗೆ ಇಸೊಬೆಲ್ ರೈಲು ಹತ್ತುತ್ತಾಳೆ. ಹ್ಯಾಲಿಫ್ಯಾಕ್ಸ್‌ನಲ್ಲಿ ಅವಳ ಅಕ್ಕನಿದ್ದಾಳೆ. ಈಸ್ಟರ್ ಕಳೆದ ಮೇಲೆ ಒಂದು ದಿನ, ಒಗೆದ ಟವೆಲುಗಳನ್ನು ಮಡಿಸುತ್ತ ಅವಳು ಹೇಳಿದ್ದಳು: "ನಾನು ಹೋಗ್ತೀನಿ ಡಂಕನ್. ವಾಪಸ್ ಬರಲ್ಲ." ಜಗಳವಿಲ್ಲ, ಅಳುವಿಲ್ಲ, ನಡುವೆ ಮೂರನೆಯವರಿಲ್ಲ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಯಾವ ರೈಲು?" "ಮಾಂಟ್ರಿಯಲ್‌ನಲ್ಲಿ ಬದಲಾಯಿಸ್ಬೇಕು," ಎಂದು ಅವಳು ಇನ್ನೊಂದು ಟವೆಲು ಕೈಗೆತ್ತಿಕೊಂಡಿದ್ದಳು. ಅಷ್ಟು ವರ್ಷದ ದಾಂಪತ್ಯ ಮುಗಿಯುವಾಗ ಗಂಡನೆಂಬುವನು ಆಡಬಹುದಾದ ನೂರು ಮಾತುಗಳಿವೆ. ಅವನ ನಾಲಿಗೆಗೆ ಸಿಕ್ಕಿದ್ದು ರೈಲು.

ಹೋಗಬೇಡ ಎನ್ನಬೇಕು. ಸಂಜೆಯೊಳಗೆ ಎನ್ನಲೇಬೇಕು. ಬೆಳಿಗ್ಗೆ ಗಡ್ಡ ಕೆರೆಯುವಾಗ ಅವನು ಕನ್ನಡಿಯೆದುರು ಹೇಳಿ ನೋಡಿಯೂ ಇದ್ದ. ಕನ್ನಡಿ ಒಪ್ಪಿದ ಹಾಗಿತ್ತು.

ಇವತ್ತು ಊರು ನೋಡುವ ಈ ಹುಚ್ಚು ಇಸೊಬೆಲ್‌ಳದು. ಪಟ್ಟಣದ ಗ್ರಂಥಾಲಯದ ಮೇಜಿನ ಹಿಂದೆ ಕೂತು ಅವಳು ಬಂದ ಪ್ರವಾಸಿಗರಿಗೆಲ್ಲ ದಾರಿ ಹೇಳಿ ಕಳಿಸಿದವಳು. ಕೋಟೆಗೆ ಹೋಗಿ, ಸಂಜೆಯ ಫಿರಂಗಿ ತಪ್ಪಿಸಿಕೊಳ್ಳಬೇಡಿ. ದ್ವೀಪದ ದೋಣಿ ಹತ್ತಿ. ಪುರಭವನದ ಹಿಂದಿನ ಶನಿವಾರದ ಸಂತೆಯಲ್ಲಿ ಬೆಣ್ಣೆ ಟಾರ್ಟ್ ತಿನ್ನದೆ ಹೋಗಬೇಡಿ. ಆದರೆ ತಾನು ಒಂದನ್ನೂ ನೋಡಿರಲಿಲ್ಲ. ಬರುವ ಬೇಸಿಗೆಗೆ ಹೋಗೋಣ ಎನ್ನುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ; ಮದ್ದು ಬೇಕಾದಾಗಲೂ ಅವರಿಗೆ ಹಿತ್ತಲು ನೆನಪಾಗಲಿಲ್ಲ. ಈಗ ಮೇ ತಿಂಗಳ ವಿಕ್ಟೋರಿಯಾ ದಿನದ ರಜೆ ಬಂದು, ಬಸ್ಸುಗಳು ಶುರುವಾಗಿ, ಹೊರಡುವ ಮುನ್ನಾದಿನ ಅವಳು ಎರಡು ಟಿಕೆಟ್ ತಂದಿಟ್ಟಿದ್ದಳು.

ಗೈಡ್ ಹುಡುಗಿ ಮೈಕಿನಲ್ಲಿ ಪುರಭವನದ ಗುಮ್ಮಟ ಸುಟ್ಟುಹೋದ ವರ್ಷ ಹೇಳಿದಳು. ತಪ್ಪು. ಡಂಕನ್ ಸೀಟಿನಲ್ಲಿ ಅಲುಗಾಡಿದ. ಹುಡುಗಿ ಆ ಗುಮ್ಮಟ ಕಟ್ಟಿಸಿದವನ ಹೆಸರನ್ನೂ ತಪ್ಪು ಹೇಳಿದಳು. ಅವನ ಕೈ ತಂತಾನೇ ಮೇಲೇಳತೊಡಗಿತು.

ಇಸೊಬೆಲ್ ಅವನ ಮೊಣಕಾಲ ಮೇಲೆ ಅಂಗೈ ಇಟ್ಟಳು. "ಸಸ್ಕಾಟೂನಿನವರಿಗೆ ಅದೆಲ್ಲ ಗೊತ್ತಿರಲ್ಲ," ಎಂದಳು.

ಅವನು ಕೈ ಇಳಿಸಿದ. ಅವಳ ಅಂಗೈ ಮಾತ್ರ ಒಂದು ತಿರುವು ಕಳೆಯುವವರೆಗೂ ಅಲ್ಲೇ ಇತ್ತು. ಅದು ಎಷ್ಟು ಬೆಚ್ಚಗಿದೆ ಎಂಬುದು ಅವನಿಗೆ ಮರೆತೇಹೋಗಿತ್ತು. ಆ ಹುಡುಗಿ ಚರಿತ್ರೆಯನ್ನೆಲ್ಲ ತಲೆಕೆಳಗು ಮಾಡಲಿ ಎಂದು ಅವನು ಮೊದಲ ಬಾರಿಗೆ ಹಾರೈಸಿದ.

ಮುಂದಿನ ಸೀಟಿನಿಂದ ಒಂದು ದೊಡ್ಡ ಟೋಪಿ ಹಿಂದಕ್ಕೆ ತಿರುಗಿತು. ಟೋಪಿಯ ಕೆಳಗೆ ಬಿಸಿಲಿಗೆ ಸುಲಿದ ಮೂಗಿನ ಮುದುಕ.

"ಸಸ್ಕಾಟೂನ್ ಅಂದ್ರಾ? ನಾವು ಯಾರ್ಕ್‌ಟನ್ ಕಣ್ರೀ! ಪಕ್ಕದ ಮನೆಯವರು ಅಂತಾನೇ ತಿಳ್ಕೊಳ್ಳಿ. ಮಧ್ಯೆ ಬರೀ ಗೋಧಿ." ಅವನ ಹೆಸರು ಒರೆಸ್ಟ್. ಪಕ್ಕದಲ್ಲಿದ್ದ ಹೆಂಡತಿ ಡಾರ್ಲೀನ್. "ಸಸ್ಕಾಟೂನಲ್ಲಿ ಎಲ್ಲಾಯ್ತು?"

ಸಿಕ್ಕಿಬಿದ್ದೆವು ಎಂದುಕೊಂಡ ಡಂಕನ್.

"ನದಿ ಹತ್ರ," ಎಂದಳು ಇಸೊಬೆಲ್.

"ಆ ಊರಲ್ಲಿ ನದಿ ಹತ್ರ ಇಲ್ದೇ ಇರೋರು ಯಾರು ಹೇಳಿ!"

"ರೈಲು ಸೇತುವೆ ಇದೆಯಲ್ಲ, ಪಕ್ಕದಲ್ಲೇ ನಡ್ಕೊಂಡು ಹೋಗೋ ದಾರಿ. ಅದರ ಬುಡದಲ್ಲಿ. ಗೂಡ್ಸ್ ಗಾಡಿ ಹೋದಾಗ ಹಲಗೆ ಎಲ್ಲ ಅದುರತ್ತೆ, ಕಾಲಿಗೆ ಕಚಗುಳಿ ಇಟ್ಟ ಹಾಗಾಗತ್ತೆ."

"ಅದೇ ಅದೇ!" ಒರೆಸ್ಟ್ ತೊಡೆ ತಟ್ಟಿಕೊಂಡ.

ಡಂಕನ್ ಹೆಂಡತಿಯ ಮುಖ ನೋಡಿದ. ಗ್ರಂಥಾಲಯದವರ ಯಾವುದೋ ಸಮ್ಮೇಳನಕ್ಕೆಂದು ಅವಳು ಒಮ್ಮೆ ಆ ಊರಿಗೆ ಹೋಗಿದ್ದು ನಿಜ. ಬಂದ ಮೇಲೆ "ಹೇಗಿತ್ತು?" ಎಂದು ಕೇಳಿದ್ದ. "ಚೆನ್ನಾಗಿತ್ತು." "ಒಳ್ಳೇದು." ಅದುರುವ ಹಲಗೆ ಅವಳ ಬಳಿಯೇ ಉಳಿದುಬಿಟ್ಟಿತ್ತು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಅವರ ಮನೆಯಲ್ಲಿ ಬಂಗಾರ ಕೊಳೆಯುವಷ್ಟಿತ್ತು.

ನೀರಂಚಿನ ದುಂಡು ಬುರುಜಿನ ಬಳಿ ಎಲ್ಲರನ್ನೂ ಇಳಿಸಿದರು. ಗೋಡೆಗೆ ಬಡಿದ ಕಂಚಿನ ಫಲಕದ ಮುಂದೆ ಡಾರ್ಲೀನ್ ಕನ್ನಡಕ ಏರಿಸಿ ನಿಂತಳು. ಆ ಫಲಕದ ಒಕ್ಕಣೆ ಡಂಕನ್‌ನದೇ. ನಗರಸಭೆಯವರು ಕೇಳಿದರೆಂದು, ತನ್ನ ಕೋಣೆಯಲ್ಲಿ ಕೂತು, ಬುರುಜಿನ ಕಡೆ ತಲೆ ಹಾಕಿಯೂ ನೋಡದೆ ಬರೆದುಕೊಟ್ಟದ್ದು. ಒಂದಕ್ಷರ ತಪ್ಪಿರಲಿಲ್ಲ.

"ಯಾರು ಬರೀತಾರೋ ಇದನ್ನೆಲ್ಲ!" ಎಂದಳು ಡಾರ್ಲೀನ್. "ಇಸವಿ ಮೇಲೆ ಇಸವಿ. ಇಲ್ಲಿ ಮನುಷ್ಯರು ಅಂತ ಯಾರಾದ್ರೂ ಬದುಕಿದ್ರೋ ಇಲ್ವೋ, ಅದೇ ಗೊತ್ತಾಗಲ್ಲ."

ಇಸೊಬೆಲ್ ಗಟ್ಟಿಯಾಗಿ ನಕ್ಕಳು. ಆ ನಗು ಕೇಳಿ ಎಷ್ಟು ಕಾಲವಾಗಿತ್ತೆಂದರೆ, ತನ್ನನ್ನೇ ನೋಡಿ ನಕ್ಕದ್ದೆಂದು ತಿಳಿದೂ ಅವನಿಗೆ ಸುಖವಾಯಿತು. ಈಗ ಹೇಳಿಬಿಡಲೇ ಎನ್ನಿಸಿತು. ಡಾರ್ಲೀನ್ ಎದುರಿಗೆ ಹೇಗೆ ಹೇಳುವುದು? ಊಟವಾಗಲಿ ಎಂದುಕೊಂಡ.

ಊಟಕ್ಕೆ ಬಸ್ಸು ದಂಡೆಯ ಹುಲ್ಲಿನ ಬಳಿ ನಿಂತಿತು. ಗಾಡಿಯವನಿಂದ ಪೂಟಿನ್ ಕಟ್ಟಿಸಿಕೊಂಡು ನಾಲ್ವರೂ ಒಂದೇ ಮರದ ಮೇಜಿಗೆ ಕೂತರು. ಕರಿದ ಆಲೂಗಡ್ಡೆಯ ಮೇಲೆ ಬಿಸಿ ಸಾರು, ಚೀಸ್ ತುಣುಕು. ಗಾಳಿಗೆ ಕ್ಷಣದಲ್ಲಿ ಆರುತ್ತಿತ್ತು. ಒಂಟಾರಿಯೋ ಸರೋವರ ಮೇ ತಿಂಗಳಲ್ಲೂ ಉಕ್ಕಿನ ಬಣ್ಣದ್ದು. ಡಾರ್ಲೀನ್ ಫೋನು ತೆರೆದು ಮೊಮ್ಮಕ್ಕಳನ್ನೆಲ್ಲ ತೋರಿಸಿದಳು.

"ನಿಮಗೆ ಮಕ್ಕಳು?"

ಈ ಪ್ರಶ್ನೆಗೆ ಇಲ್ಲ ಎಂದು ಹೇಳಿ ಡಂಕನ್‌ಗೆ ರೂಢಿಯಿತ್ತು. ಅವನು ಹೇಳುವಷ್ಟರಲ್ಲಿ ಇಸೊಬೆಲ್ ಹೇಳಿದಳು.

"ಒಬ್ಬಳು ಮಗಳು. ಹೇಝಲ್."

ಅವನ ಕೈಯ ಮರದ ಫೋರ್ಕು ನಿಂತಿತು. ಆ ಹೆಸರನ್ನು ಅವರಿಬ್ಬರೂ ಆರಿಸಿದ್ದು ಒಂದು ಚಳಿಗಾಲ, ಅಡುಗೆಮನೆಯಲ್ಲಿ, ಅವಳ ಹೊಟ್ಟೆಯ ಮೇಲೆ ಅವನ ಕೈಯಿದ್ದಾಗ. ಮಗು ಆರು ತಿಂಗಳಿಗೇ, ಉಸಿರಿಲ್ಲದೆ ಬಂದಿತು. ಅವತ್ತಿನಿಂದ ಆ ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತಿರಲಿಲ್ಲ.

"ಏನ್ ಮಾಡ್ತಾಳೆ?"

"ಚೆಲ್ಲೋ ಬಾರಿಸ್ತಾಳೆ. ಸುಮಾರಾಗಿ ಅಷ್ಟೆ. ರಜೇಲಿ ಮಧ್ಯಾಹ್ನದವರೆಗೆ ನಿದ್ದೆ. ಉಪ್ಪಿನಕಾಯಿ ಬಾಟಲಿಗೇ ಬೆರಳು ಹಾಕಿ ತಿಂತಾಳೆ, ಎಷ್ಟು ಬೈದ್ರೂ ಅಷ್ಟೆ." ಇಸೊಬೆಲ್‌ಳ ಕೆನ್ನೆ ಕೆಂಪೇರಿತ್ತು. ಒಂದು ಸಲವೂ ತಡವರಿಸಲಿಲ್ಲ. ಇದು ಇವತ್ತು ಕಟ್ಟಿದ್ದಲ್ಲ. ವರ್ಷಗಟ್ಟಲೆ ಸಾಕಿದ್ದು ಎಂದು ಅವನಿಗೆ ತಿಳಿಯಿತು.

"ಅಪ್ಪನ ಹಾಗೋ, ಅಮ್ಮನ ಹಾಗೋ?" ಒರೆಸ್ಟ್ ಅವನನ್ನು ಕೇಳಿದ.

"ಅಮ್ಮನ ಹಾಗೆ," ಎಂದ ಡಂಕನ್. "ನಗು ಮಾತ್ರ. ಹಟ ನನ್ನದು."

ಇಸೊಬೆಲ್ ಮೆಲ್ಲಗೆ ಅವನ ಕಡೆ ತಿರುಗಿದಳು. ಆ ನೋಟವನ್ನು ತಡೆಯಲಾರದೆ ಅವನು ಆಲೂಗಡ್ಡೆ ಕೆದಕಿದ. ಸಾಯುವವರೆಗೂ ಇದೇ ಮೇಜಿನಲ್ಲಿ ಕೂತು ಸುಳ್ಳು ಹೇಳುತ್ತಿರಬಹುದೆಂದರೆ ಅವನು ಆಗ ಒಪ್ಪುತ್ತಿದ್ದ.

"ಎಷ್ಟು ವಯಸ್ಸು ಈಗ?"

"ಹತ್ತೊಂಬತ್ತು," ಎಂದಳು ಇಸೊಬೆಲ್.

"ಇಪ್ಪತ್ತು," ಎಂದ ಡಂಕನ್.

ಬಾಯಿ ಜಾರಿತ್ತು. ಬೆಳಿಗ್ಗೆಯಿಂದ ಗುಮ್ಮಟದ ಇಸವಿ, ಕಟ್ಟಿಸಿದವನ ಹೆಸರು, ಎಲ್ಲವನ್ನೂ ನುಂಗಿಕೊಂಡಿದ್ದವನು ಇಲ್ಲಿ ತಿದ್ದಿದ. "ಮಾರ್ಚ್‌ಗೆ ಇಪ್ಪತ್ತು ತುಂಬ್ತು," ಎಂದೂ ಸೇರಿಸಿದ.

"ನೋಡೇ, ಗಂಡಸರಿಗೆ ಮಕ್ಕಳ ಹುಟ್ಟಿದಹಬ್ಬ ನೆನಪಿರಲ್ಲ ಅಂತೀಯಲ್ಲ!" ಎಂದು ಒರೆಸ್ಟ್ ಹೆಂಡತಿಯನ್ನು ಛೇಡಿಸಿದ. ಡಾರ್ಲೀನ್ ನಗುತ್ತ, ಕಾಫಿ ತರುತ್ತೇವೆಂದು ಅವನನ್ನು ಎಬ್ಬಿಸಿಕೊಂಡು ಹೋದಳು.

ಮೇಜಿನಲ್ಲಿ ಇಬ್ಬರೇ ಉಳಿದರು. ಒಂದು ಕಡಲಕ್ಕಿ ಬಂದು ಡಂಕನ್‌ನ ಪೊಟ್ಟಣವನ್ನು ನೋಡುತ್ತ ನಿಂತಿತು.

"ನನ್ನ ಲೆಕ್ಕದಲ್ಲಿ ಹತ್ತೊಂಬತ್ತೇ," ಎಂದಳು ಇಸೊಬೆಲ್. "ಜೂನ್ ಬಂದಿಲ್ಲ ಇನ್ನೂ. ಜೂನ್‌ನಲ್ಲಿ ಹುಟ್ಟಬೇಕಿತ್ತು ಅವಳು."

ಅವನು ಪೊಟ್ಟಣವನ್ನು ಕಡಲಕ್ಕಿಯ ಕಡೆ ಸರಿಸಿದ.

"ನೀನು ಅವಳು ಹೋದ ದಿನದಿಂದ ಎಣಿಸ್ತೀಯ. ನಾನು ಬರಬೇಕಾದ ದಿನದಿಂದ." ಅವಳು ಕಾಗದದ ಕರವಸ್ತ್ರವನ್ನು ಮಡಿಸತೊಡಗಿದಳು, ಟವೆಲು ಮಡಿಸುವ ಹಾಗೆಯೇ. "ನೀನು ಎಣಿಸ್ತಿದ್ದೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ."

"ಪ್ರತಿ ವರ್ಷ."

"ಮರೆತಿದ್ದೀಯ ಅಂದ್ಕೊಂಡಿದ್ದೆ. ಅವತ್ತು ಆಸ್ಪತ್ರೆಯಿಂದ ಬಂದು, ಮಾರನೇ ದಿನ ಪಾಠಕ್ಕೆ ಹೋದೆಯಲ್ಲ."

"ಹೋದೆ. ಪಾಠ ಮಾಡ್ಲಿಲ್ಲ. ಇಲ್ಲೇ, ಈ ದಂಡೆ ಮೇಲೆ ಕೂತಿದ್ದೆ. ನೀರೆಲ್ಲ ಹೆಪ್ಪುಗಟ್ಟಿತ್ತು. ಆಮೇಲೂ ಪ್ರತಿ ಮಾರ್ಚ್‌ಗೆ ಬರ್ತೀನಿ."

"ಒಂದ್ಸಲ ಬಾಯಿಬಿಟ್ಟು ಹೇಳಬಹುದಿತ್ತು."

"ನೀನೂ ಹೇಳಬಹುದಿತ್ತು."

"ಹೌದು," ಎಂದಳು ಇಸೊಬೆಲ್. "ನಾನೂ."

ಅವಳ ಕಣ್ಣು ತುಂಬಿತ್ತು. ಇದೇ ಹೊತ್ತು, ಇದಕ್ಕಿಂತ ಒಳ್ಳೆಯ ಹೊತ್ತು ಬರುವುದಿಲ್ಲ ಎಂದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು.

"ಹ್ಯಾಲಿಫ್ಯಾಕ್ಸಲ್ಲಿ ಗಾಳಿ ಜಾಸ್ತಿ," ಎಂದ. "ದಪ್ಪ ಕೋಟು ಇಟ್ಕೊಂಡಿದ್ದೀಯಾ?"

ಇಸೊಬೆಲ್ ಅವನನ್ನು ನೋಡುತ್ತಲೇ ಇದ್ದಳು. ಕರವಸ್ತ್ರ ಇನ್ನು ಮಡಿಸಲಾಗದಷ್ಟು ಚಿಕ್ಕದಾಗಿತ್ತು.

"ಇಟ್ಕೊಂಡಿದ್ದೀನಿ," ಎಂದಳು.

ಕೋಟೆಗೆ ಹೋಗುವಷ್ಟರಲ್ಲಿ ಬಿಸಿಲು ಇಳಿದಿತ್ತು. ಕೆಂಪು ಅಂಗಿಯ ಸಿಪಾಯಿಗಳು ಡೋಲು ಬಡಿಯುತ್ತ ಬಂದು ಸಾಲಾಗಿ ನಿಂತರು. ಎಲ್ಲ ಬೇಸಿಗೆ ಕೆಲಸಕ್ಕೆ ಸೇರಿದ ವಿದ್ಯಾರ್ಥಿಗಳು. ಈ ಕೋಟೆ ಕಟ್ಟಿದಂದಿನಿಂದ ಒಮ್ಮೆಯೂ ಯಾರೂ ಇದರ ಮೇಲೆ ದಾಳಿ ಮಾಡಿಲ್ಲ ಎಂದಳು ಗೈಡ್ ಹುಡುಗಿ. ಅದೊಂದು ಸರಿಯಾಗಿತ್ತು.

"ಬರದೇ ಇರೋರಿಗೆ ಇಷ್ಟು ದಪ್ಪ ಗೋಡೆನಾ!" ಎಂದು ಒರೆಸ್ಟ್ ಕಲ್ಲು ತಟ್ಟಿ ನೋಡಿದ.

ಫಿರಂಗಿ ಸಿಡಿಯಿತು. ಜನ ಕಿವಿ ಮುಚ್ಚಿಕೊಂಡು, ಆಮೇಲೆ ಚಪ್ಪಾಳೆ ತಟ್ಟಿದರು. ಒಳಗೆ ಗುಂಡಿರಲಿಲ್ಲ, ಬರೀ ಮದ್ದು. ಹೊಗೆ ಸರೋವರದ ಮೇಲೆ ಸ್ವಲ್ಪ ದೂರ ಹೋಗಿ ಚೆದುರಿತು.

ಡಾರ್ಲೀನ್ ಫೋನು ಹಿಡಿದು ಇಬ್ಬರನ್ನೂ ಗೋಡೆಗೆ ನಿಲ್ಲಿಸಿದಳು. "ಹತ್ರ ಬನ್ನಿ. ಇನ್ನೂ ಹತ್ರ. ಏನ್ರೀ ಇದು, ಬಸ್‌ಸ್ಟಾಪಲ್ಲಿ ನಿಂತ ಹಾಗೆ! ಹೆಗಲ ಮೇಲೆ ಕೈ ಹಾಕಿ." ಡಂಕನ್ ಕೈ ಹಾಕಿದ. ಇಸೊಬೆಲ್‌ಳ ಹೆಗಲು ಹಿಂದೆ ಸರಿಯಲಿಲ್ಲ, ಒರಗಲೂ ಇಲ್ಲ.

"ಚೆನ್ನಾಗಿ ಬಂದಿದೆ. ಹೇಝಲ್ ನಂಬರ್ ಕೊಡಿ, ಅವಳಿಗೇ ಕಳಿಸ್ತೀನಿ. ಖುಷಿಪಡ್ತಾಳೆ ಮಗು."

ಡಂಕನ್ ನೆಲ ನೋಡಿದ. ಇಸೊಬೆಲ್ ನಿಧಾನವಾಗಿ, ಒಂದೊಂದೇ ಅಂಕಿಯಾಗಿ, ತನ್ನದೇ ನಂಬರ್ ಹೇಳಿದಳು.

ಮರಳುವಾಗ ಬಸ್ಸಿನಲ್ಲಿ ಗೈಡ್ ಹುಡುಗಿ ಒಬ್ಬೊಬ್ಬರನ್ನಾಗಿ ಕೇಳುತ್ತ ಬಂದಳು. "ನಿಮ್ಮದು ಯಾವ ಹೋಟೆಲ್? ಬಾಗಿಲಿಗೇ ಬಿಡ್ತೀವಿ."

ಇಲ್ಲೇ ಎಲ್ಲಾದರೂ ಇಳಿಸಿ, ನಡೆದು ಹೋಗುತ್ತೇವೆ ಎಂದರಾಗುತ್ತಿತ್ತು. ಡಂಕನ್ ಹೆಂಡತಿಯ ಕಡೆ ನೋಡಿದ.

"ದಕ್ಕೆ ಮುಂದಿನ ದೊಡ್ಡದು," ಎಂದಳು ಇಸೊಬೆಲ್.

ಬಾಗಿಲಿಗೇ ಬಿಟ್ಟರು. ಒರೆಸ್ಟ್, ಡಾರ್ಲೀನ್ ಇಳಿಯಬೇಕಾದದ್ದು ಇನ್ನೂ ಮುಂದೆ, ಹೆದ್ದಾರಿಯ ಬದಿಯ ಮೋಟೆಲಿನಲ್ಲಿ. ಕಿಟಕಿಯಿಂದ ಕೈ ಬೀಸಿದರು. "ಗೋಧಿ ಕೊಯ್ಲಿಗೆ ಬನ್ರೀ! ಮಗಳನ್ನೂ ಕರ್ಕೊಂಡ್ ಬನ್ನಿ!" ಬಸ್ಸು ಮೂಲೆ ತಿರುಗಿತು.

ಹಿಂದೆ ಹೋಟೆಲಿನ ಗಾಜಿನ ಬಾಗಿಲು ತಾನಾಗಿಯೇ ಸರಿದು ತೆರೆದುಕೊಂಡಿತು. ಒಳಗೆ ಮೇಜಿನ ಹಿಂದಿದ್ದವಳು ತಲೆಯೆತ್ತಿ ನಕ್ಕಳು. ಯಾರೂ ಒಳಗೆ ಬರಲಿಲ್ಲ. ಬಾಗಿಲು ಮುಚ್ಚಿತು.

ಇಸೊಬೆಲ್‌ಳ ಚೀಲದಲ್ಲಿ ಫೋನು ಸದ್ದು ಮಾಡಿತು. ಅವಳು ತೆಗೆದು ನೋಡಿ, ಅವನಿಗೂ ಕಾಣುವಂತೆ ಹಿಡಿದಳು. ಕಲ್ಲುಗೋಡೆಯ ಮುಂದೆ ಗಂಡ ಹೆಂಡತಿ. ಕೆಳಗೆ ಡಾರ್ಲೀನ್ ಬರೆದಿದ್ದಳು: *ಹೇಝಲ್, ನಿಮ್ಮಪ್ಪ ಅಮ್ಮ ಇಲ್ಲಿ ಆರಾಮಾಗಿದ್ದಾರೆ. ದಿನವೆಲ್ಲ ನಿನ್ನದೇ ಮಾತು. ಒಂದು ಫೋನ್ ಮಾಡಮ್ಮ ಅವರಿಗೆ.*

ಅವಳು ಫೋನನ್ನು ಚೀಲಕ್ಕೆ ಹಾಕಲಿಲ್ಲ. ಕೈಯಲ್ಲೇ ಹಿಡಿದಿದ್ದಳು, ಅದರ ಬೆಳಕು ತಾನಾಗಿ ಆರುವವರೆಗೆ.

ಬಾಗಿಲು ತೆರೆಯಿತು. ಮೇಜಿನವಳು ಮತ್ತೆ ತಲೆಯೆತ್ತಿ ನಕ್ಕಳು. ಬಾಗಿಲು ಮುಚ್ಚಿತು.

"ಹೋಗೋಣವಾ?" ಎಂದ ಡಂಕನ್.

"ಎಲ್ಲಿಗೆ?"

ಮನೆ ಬಲಗಡೆ, ನಾಲ್ಕು ಬೀದಿ ಆಚೆ. ಅದು ಸರಿಯಾದ ಉತ್ತರ. ಅವನು ಹೇಳಲಿಲ್ಲ; ಅವಳು ಮತ್ತೆ ಕೇಳಲಿಲ್ಲ. ಇಬ್ಬರೂ ನಿಂತೇ ಇದ್ದರು. ಅವರಲ್ಲಿ ಒಬ್ಬರು ಕಾಲು ಬದಲಿಸಿದಾಗಲೆಲ್ಲ ಬೆನ್ನ ಹಿಂದೆ ಬಾಗಿಲು ತೆರೆಯುತ್ತಿತ್ತು, ಒಳಗಿನ ಬೆಚ್ಚನೆಯ ಗಾಳಿ ಒಂದಿಷ್ಟು ಮೈಗೆ ತಾಗುತ್ತಿತ್ತು, ಮುಚ್ಚುತ್ತಿತ್ತು. ಮೇಜಿನವಳು ಈಗ ತಲೆಯೆತ್ತುವುದನ್ನು ಬಿಟ್ಟಿದ್ದಳು. ಬಾಗಿಲು ಮತ್ತೆ ತೆರೆಯಿತು.