ಬಿಟ್ಟ ಪೆಟ್ಟು

ಹೊಸ್ತಿಲು ಕಂಡರೆ ಸಾಕು, ಮಾವನ ಕಾಲು ಮೊಳೆ ಹೊಡೆದ ಹಾಗೆ ನಿಂತುಬಿಡುತ್ತಿತ್ತು. ನಡುಮನೆಯಲ್ಲಿ ಹೇಗೋ ಕಾಲೆಳೆದುಕೊಂಡು ಓಡಾಡುತ್ತಿದ್ದರು. ಬಾಗಿಲು ಬಂತೋ, ತಲೆ ‘ನಡಿ’ ಅನ್ನುತ್ತಿತ್ತು, ಕಾಲು ‘ಯಾರಿಗೆ ಹೇಳ್ತಿದೀಯ?’ ಅನ್ನುತ್ತಿತ್ತು. ನರದ ಕಾಯಿಲೆ, ಮಾತ್ರೆಯಿಂದ ಹತೋಟಿಗೆ ಬರುತ್ತದೆ, ಬಿಟ್ಟುಹೋಗುವುದಿಲ್ಲ ಎಂದಿದ್ದರು ದೊಡ್ಡ ಡಾಕ್ಟರು.

ಹಾಗಾಗಿ ಸೊಸೆ ಹೊಲಿಗೆ ಕಾರ್ಖಾನೆಗೆ ರಜೆ ಹಾಕಿ ಮನೆಯಲ್ಲಿದ್ದಳು. ಗಂಡ ಲಾರಿ ಓಡಿಸುವವನು, ಮನೆಗಿಂತ ರಸ್ತೆಯಲ್ಲೇ ಹೆಚ್ಚು. ಮಗಳು ಇನ್ನೂ ಶಾಲೆಗೆ ಹೋಗುವ ಹುಡುಗಿ. ಅತ್ತೆ ಗಿಡ್ಡ ಆಳು, ಸಾಲದ್ದಕ್ಕೆ ಮಂಡಿನೋವು. ಮಾವನೋ ಕುಲುಮೆಯಲ್ಲಿ ಕಬ್ಬಿಣ ಬಡಿದು ಬೆಳೆಸಿದ ಮೈ. ಬಚ್ಚಲಿಗೆ ಕರೆದೊಯ್ಯುವಾಗ ಅವರೇನಾದರೂ ವಾಲಿದರೆ ಅತ್ತೆ ಅಡಿಯಲ್ಲಿ ಸಿಕ್ಕಿ ಅಪ್ಪಚ್ಚಿ. ಇತ್ತ ಕಾರ್ಖಾನೆಯಲ್ಲಿ, ಸೊಸೆ ಕಾಲರ್ ಹೊಲಿಯುತ್ತಿದ್ದ ಮಷೀನಿನ ಮುಂದೆ ಬೇರೆ ಯಾರನ್ನೋ ಕೂರಿಸಿಯಾಗಿತ್ತು. ಸೂಪರ್‌ವೈಸರ್ ಫೋನಿನಲ್ಲಿ ಖಂಡತುಂಡವಾಗಿ ಹೇಳಿದ್ದ: “ಅಕ್ಕಾ, ಸೋಮವಾರ ಬಂದ್ರೆ ನಿಮ್ಮ ಜಾಗ ನಿಮ್ಗೆ. ಬರ್ಲಿಲ್ಲ ಅಂದ್ರೆ ಆಮೇಲೆ ನನ್ನ ಕೈಲಿ ಏನೂ ಇಲ್ಲ.”

ಮಾವ ಯಾರ ಹಂಗೂ ಇಲ್ಲದೆ ಮಂಚದಿಂದ ಬಚ್ಚಲಿಗೆ ಹೋಗಿಬಂದರೆ ಕೆಲಸ ಉಳಿಯುತ್ತದೆ, ಇಲ್ಲವಾದರೆ ಇಲ್ಲ. ಬೇರೆ ದಾರಿಯೇ ಇರಲಿಲ್ಲ.

ವ್ಯಾಯಾಮ ಮಾಡಿಸಲು ಬರುವ ಡಾಕ್ಟರಮ್ಮ ಇನ್ನೂ ಎಳೆ ವಯಸ್ಸಿನವಳು, ಉತ್ಸಾಹದ ಬುಗ್ಗೆ. ಗಡಿಯಾರದ ಹಾಗೆ ಒಂದೇ ಸಮನೆ ಟಕ್ ಟಕ್ ಅನ್ನುವ ಸದ್ದನ್ನು ಸೊಸೆಯ ಫೋನಿಗೆ ಹಾಕಿಕೊಟ್ಟಿದ್ದಳು. “ತಾಳ ಕೇಳಿದ್ರೆ ಕಾಲು ತಾನಾಗೇ ಏಳುತ್ತೆ ತಾತ. ಎಷ್ಟೋ ಜನಕ್ಕೆ ಎದ್ದಿದೆ.”

ಮಾವನ ಕಾಲು ಏಳಲಿಲ್ಲ. ಬಚ್ಚಲ ಬಾಗಿಲಲ್ಲಿ ಕಂಬದ ಹಾಗೆ ನಿಂತು ಫೋನನ್ನು ದುರುಗುಟ್ಟಿ ನೋಡಿದರು.

“ಅದು ಅದರ ಪಾಡಿಗೆ ಚೆನ್ನಾಗೇ ನಡ್ಕೊಂಡು ಹೋಗ್ತಿದೆ. ಮಧ್ಯೆ ನಾನ್ಯಾಕೆ?”

“ಈ ಕಾಯಿಲೆ ಕಾಲಿಗೆ ಬರೋ ಬದಲು ನಾಲಿಗೆಗೆ ಬರಬಾರದಿತ್ತಾ,” ಅಂದರು ಅತ್ತೆ, ಬಟ್ಟೆ ಮಡಚುತ್ತ.

“ನಿನ್ನ ನಾಲಿಗೆಗೆ ಬಂದಿದ್ರೆ ಇನ್ನೂ ಚೆನ್ನಾಗಿತ್ತು.”

ಇಬ್ಬರ ಜಟಾಪಟಿ ಕೇಳಿ ಬೇರೆ ದಿನವಾಗಿದ್ದರೆ ಸೊಸೆ ನಗುತ್ತಿದ್ದಳು. ಈಗ ಗೋಡೆಯ ಕ್ಯಾಲೆಂಡರ್ ನೋಡಿದಳು. ವಾರ ಮುಗಿಯುತ್ತ ಬಂದಿತ್ತು.

ಶುಕ್ರವಾರ ಬೆಳಗ್ಗೆ ಮಾವನನ್ನು ಬಚ್ಚಲ ಬಾಗಿಲವರೆಗೆ ತಂದು, ಚೌಕಟ್ಟು ಹಿಡಿಸಿ, ಒಲೆಯ ಮೇಲಿನ ಹಾಲು ಉಕ್ಕೀತೆಂದು ಅಡುಗೆಮನೆಗೆ ಓಡಿದಳು. ಹಾಲಿಳಿಸಿದರೆ ಸಕ್ಕರೆ ಡಬ್ಬಿಯ ಮುಚ್ಚಳ ಕಚ್ಚಿಕೊಂಡಿತ್ತು. ಸೌಟಿನ ಹಿಡಿಯಿಂದ ಅದರ ಅಂಚಿಗೆ ಕುಟ್ಟಿದಳು: ಟಣ್, ಟಣ್. ತಿರುಗಿಸಿ ನೋಡಿದಳು. ಬರಲಿಲ್ಲ. ಮತ್ತೆ ಟಣ್, ಟಣ್. ಮತ್ತೆ ತಿರುಗಿಸಿ ನೋಡಿದಳು. ಸಿಟ್ಟಿನಲ್ಲಿ ಇನ್ನೊಮ್ಮೆ: ಟಣ್, ಟಣ್.

ಧಪ್!

ಡಬ್ಬಿ, ಸೌಟು ಕೈಯಲ್ಲಿದ್ದ ಹಾಗೇ ಓಡಿಬಂದಳು. “ಬಿದ್ರಾ ಮಾವ?”

ಬಿದ್ದಿರಲಿಲ್ಲ. ಬಲಗಾಲು ಹೊಸ್ತಿಲ ಆಚೆಗಿತ್ತು. ಪಕ್ಕದ ಮನೆಯ ಮಗು ಹೇಳದೆ ಕೇಳದೆ ಒಳಗೆ ನುಗ್ಗಿದ್ದನ್ನು ನೋಡುವ ಹಾಗೆ ಮಾವ ತಮ್ಮ ಕಾಲನ್ನೇ ನೋಡುತ್ತಿದ್ದರು. ಆಮೇಲೆ ಸೊಸೆಯ ಮೇಲೆ ರೇಗಿದರು.

“ಹೊಡೆಯೋದಾದ್ರೆ ನೆಟ್ಟಗೆ ಹೊಡೀಬಾರದಾ? ಎರಡು ಹೊಡೆದು ಮೂರನೇದು ಗಾಳಿಲಿ ನೇತುಹಾಕಿದ್ರೆ ಮನುಷ್ಯ ಹೇಗಮ್ಮ ಸುಮ್ನಿರೋದು?”

ಸೊಸೆ ಡಬ್ಬಿ ಎತ್ತಿ ಅವರ ಕಣ್ಣೆದುರಿಗೇ ಕುಟ್ಟಿದಳು. ಟಣ್, ಟಣ್. ಕೈ ತಡೆದಳು.

ಮಾವನ ದವಡೆ ಬಿಗಿಯಿತು. ತುಟಿ ಅದುರಿತು. ಎಡಗಾಲು ಎದ್ದು ಬಂದು ಬಲಗಾಲಿನ ಪಕ್ಕ ಧಪ್ಪೆಂದು ಕೂತಿತು.

ಬಾಗಿಲಿಗೆ ಬಂದಿದ್ದ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. “ಅಯ್ಯೋ, ಕುಲುಮೇಲಿ ನಿಂತಿದ್ದ ಹಾಗೇ ಇದೆಯಲ್ಲೇ! ಇವರಣ್ಣ ಚಿಕ್ಕ ಸುತ್ತಿಗೇಲಿ ಎರಡು ತಟ್ಟೋರು. ಆ ಸಂದೀಲಿ ಇವರ ದೊಡ್ಡ ಸುತ್ತಿಗೆ ಬೀಳೋದು. ದಿನವಿಡೀ ಅಣ್ಣತಮ್ಮ ಒಂದು ಮಾತಾಡ್ತಿರ್ಲಿಲ್ಲ, ಒಂದು ಪೆಟ್ಟೂ ತಪ್ತಿರ್ಲಿಲ್ಲ.”

“ಅವನು ಜಾಗ ಬಿಟ್ರೆ ತಾನೇ ನಾನು ಬರೋದು,” ಅಂದರು ಮಾವ, ಇದರಲ್ಲೇನಿದೆ ವಿಶೇಷ ಎನ್ನುವ ಹಾಗೆ.

ಶನಿವಾರ ಬಂದ ಡಾಕ್ಟರಮ್ಮ ಅದನ್ನು ಕಣ್ಣಾರೆ ಕಂಡು ಚಪ್ಪಾಳೆ ತಟ್ಟಿಬಿಟ್ಟಳು. “ಫೋನಲ್ಲಿ ಎಲ್ಲಾ ಪೆಟ್ಟನ್ನೂ ನಾನೇ ತುಂಬಿಸಿಕೊಟ್ಟಿದ್ದೆ ನೋಡಿ! ಹಾಡು ಕೇಳ್ತಾ ಇರುವಾಗ ಮುಂದಿನ ಪೆಟ್ಟು ಎಲ್ಲಿ ಬೀಳುತ್ತೆ ಅಂತ ಮನಸ್ಸು ಮುಂಚೇನೇ ಹೋಗಿ ಕಾದು ಕೂತಿರುತ್ತೆ. ಅಲ್ಲಿ ಅದು ಬೀಳ್ಲಿಲ್ಲ ಅಂದ್ರೆ ತಡೆಯೋಕಾಗಲ್ಲ, ಮೈಯೇ ಎದ್ದು ಹೋಗಿ ಹೊಡೆದು ಬರುತ್ತೆ. ಕುಣಿಸೋ ಹಾಡಲ್ಲೆಲ್ಲಾ ಅಂಥ ಒಂದು ಖಾಲಿ ಜಾಗ ಇದ್ದೇ ಇರುತ್ತೆ. ಪೂರ್ತಿ ಖಾಲಿಯಾದ್ರೆ ದಾರಿ ತಪ್ಪುತ್ತೆ, ಪೂರ್ತಿ ತುಂಬಿದ್ರೆ ನಮಗೇನು ಕೆಲಸ?”

“ಇದನ್ನೇ ತಾನೇ ನಾನು ಮೊದಲ ದಿನ ಹೇಳಿದ್ದು!” ಅಂದರು ಮಾವ.

“ಹೌದು ತಾತ, ನೀವು ಹೇಳಿದ್ರಿ. ನಾನು ಬೈಗುಳ ಅಂದ್ಕೊಂಡೆ.”

ಮೊಮ್ಮಗಳು ಅಮ್ಮನ ಫೋನಿನಲ್ಲಿ ಹುಡುಕಿ ಹುಡುಕಿ ಒಂದು ಡೋಲಿನ ಹಾಡು ಆರಿಸಿದಳು. ಎರಡು ಗುದ್ದು, ಒಂದು ಬಿಡುವು. ಹಾಡು ಶುರುವಾದದ್ದೇ ತಡ, ಮಾವ ಬಚ್ಚಲ ಹೊಸ್ತಿಲನ್ನು ಹೋಗಿ ದಾಟಿದರು, ಬಂದು ದಾಟಿದರು. ಅತ್ತೆಯ ಕೈಯಲ್ಲಿದ್ದ ಬಟ್ಟೆಗೂ ಬಿಡುವಿಗೆ ಸರಿಯಾಗಿ ಮಡಿಕೆ ಬೀಳುತ್ತಿತ್ತು. ಮಂಡಿನೋವಿನ ಮುದುಕಿಯ ತಲೆ ಆಡುತ್ತಿದ್ದುದನ್ನು ನೋಡಿ ಮೊಮ್ಮಗಳು ಕಿಸಕ್ಕೆಂದಳು.

ಆದರೆ ಸೊಸೆಯ ಚಿಂತೆ ತೀರಿರಲಿಲ್ಲ. ಹಾಡಿರುವುದು ಅವಳ ಫೋನಿನಲ್ಲಿ. ಫೋನು ಅವಳ ಜೊತೆ ಕಾರ್ಖಾನೆಗೆ ಹೋಗುತ್ತದೆ. ಹೊಸದೊಂದನ್ನು ತಂದಿಟ್ಟರೂ ಬಚ್ಚಲ ಬಾಗಿಲಲ್ಲಿ ನಿಂತವರು ನಡುಗುವ ಬೆರಳಲ್ಲಿ ಅದನ್ನು ಒತ್ತಿ ಹಾಡಿಸುವುದು ಆಗುವ ಮಾತಲ್ಲ.

ಭಾನುವಾರ ಮತ್ತೆ ಅಭ್ಯಾಸ. ಮಾವ ಮಂಚ ಬಿಟ್ಟು ಬಾಗಿಲ ಹತ್ತಿರ ಬಂದಿದ್ದರು, ಡೋಲು ಜೋರಾಗಿತ್ತು. ಅಷ್ಟರಲ್ಲಿ ಹಾಡು ಕಡಿದು ಫೋನು ರಿಂಗಾಯಿತು. ಸೂಪರ್‌ವೈಸರ್. ಎತ್ತದೆ ಬಿಡುವಂತಿರಲಿಲ್ಲ.

“ಅಕ್ಕಾ, ನಾಳೆ ಬರ್ತೀರಾ ಇಲ್ವಾ? ಈಗ್ಲೇ ಹೇಳ್ಬೇಕು.”

ಮಾವನ ಕಾಲು ನಿಂತುಬಿಟ್ಟಿತ್ತು. ಹೊಸ್ತಿಲ ಈಚೆ ಅದೇ ಕಂಬ. ಓಡಿಹೋಗಿ ಹಿಡಿಯಲು ಸೊಸೆ ಮುಂದಾದಳು. ಮಾವ ತಿರುಗದೆಯೇ ಒಂದು ಕೈ ಎತ್ತಿ ಅಡ್ಡ ಹಿಡಿದರು.

“ಒಂದ್ನಿಮಿಷ ಸರ್,” ಅಂದಳು ಫೋನಿಗೆ.

ಮಾವನ ಎತ್ತಿದ ಕೈ ನಿಧಾನವಾಗಿ ಇಳಿಯಿತು. ತೊಡೆಗೆ ತಾಗಿತು. ತಟ್, ತಟ್.

ಬಿಡುವು.

ಏನೂ ಆಗಲಿಲ್ಲ. ಬೆರಳು ತೀರಾ ಮೆತ್ತಗೆ ಬಿದ್ದಿತ್ತು. ಮಾವ ಉಸಿರೆಳೆದುಕೊಂಡು ಅಂಗೈ ಅಗಲಿಸಿದರು. ಕಾದ ಕಬ್ಬಿಣ ತಣ್ಣಗಾಗುವುದರೊಳಗೆ ತಟ್ಟುವವನ ಹಾಗೆ ತಟ್ಟಿದರು. ತಟ್! ತಟ್!

ಧಪ್!

ಕಾಲು ಆಚೆ ಬಿತ್ತು. ತಟ್, ತಟ್, ಧಪ್. ಇನ್ನೊಂದೂ ಬಿತ್ತು. ಬಚ್ಚಲೊಳಗೆ ಗೋಡೆ ಮುಟ್ಟಿ ತಿರುಗಿ ನಿಂತಾಗ ಅವರ ಮುಖ ಬೆವರಿ ಹೊಳೆಯುತ್ತಿತ್ತು.

“ಅಣ್ಣನ ಕೆಲಸಾನೂ ನಾನೇ ಮಾಡ್ಕೊಂಡೆ ಕಣಮ್ಮ!”

ಕೂಗಿ ಹೇಳಿ ಹೊಸ್ತಿಲು ದಾಟಿ ಬಂದರು. ಮಂಚದ ಹತ್ತಿರ ನಿಲ್ಲಲಿಲ್ಲ. ಬೀದಿಬಾಗಿಲ ಕಡೆಗೆ ಹೊರಟರು. ತಟ್, ತಟ್, ಧಪ್.

“ರೀ, ಎಲ್ಲಿಗ್ರೀ? ಚಪ್ಪಲಿ! ಚಪ್ಪಲಿ ಹಾಕ್ಕೊಳ್ರೀ!” ಅತ್ತೆ ಮಂಡಿನೋವು ಮರೆತು ಹಿಂದೆ ಓಡಿದರು. ಅವರ ಹಿಂದೆ ಮೊಮ್ಮಗಳು, ತಾನೂ ತೊಡೆ ತಟ್ಟಿಕೊಳ್ಳುತ್ತ. ಎದುರುಮನೆಯ ದರ್ಜಿ ಕತ್ತರಿ ಕೈಯಲ್ಲೇ ಹಿಡಿದು ಹೊರಗೆ ಬಂದು ನೋಡಿದ.

“ಅಕ್ಕಾ, ಏನದು ಗಲಾಟೆ?” ಅಂದ ಸೂಪರ್‌ವೈಸರ್. “ಬ್ಯಾಂಡ್ ಸೆಟ್ ಏನಾದ್ರೂ ಕರೆಸಿದೀರಾ?”

“ನಮ್ಮ ಮಾವ ನಡೀತಿದಾರೆ ಸರ್,” ಅಂದಳು ಸೊಸೆ. ಕಣ್ಣು ಮಂಜಾಗಿತ್ತು, ದನಿ ಮಾತ್ರ ಕುಲುಮೆಯ ಗದ್ದಲದಲ್ಲೂ ಕೇಳುವಷ್ಟು ಜೋರಾಗಿತ್ತು. “ನಾಳೆ ಬರ್ತೀನಿ. ನನ್ನ ಮಷೀನಿನ ಮುಂದೆ ಕೂತಿರೋಳಿಗೆ ಹೇಳಿ, ಸೀಟು ಬಿಸಿ ಮಾಡಿಟ್ಟಿದ್ದು ಸಾಕು, ಇನ್ನು ಏಳ್ಬಹುದು ಅಂತ.”